ಟೂ-ಸ್ಟ್ರೋಕ್ ಎಂಜಿನ್‌ನ ‘ಸ್ಟ್ರೋಕರ್’ ಕಸರತ್ತು: ಒಂದು ವಿಮರ್ಶೆ

ವಿಜಯಪುರದಿಂದ ತಿಕೋಟಾ ಕಡೆಗಾಗಲಿ ಬಬಲೇಶ್ವರದ ಕಡೆಗಾಗಲಿ ಹೊರಟರೆ ದ್ರಾಕ್ಷಿ ತೋಟಗಳ ನಡುವೆ ಇಂದಿಗೂ ಟೂ-ಸ್ಟ್ರೋಕ್ ಎಂಜಿನ್‌ನ ಸದ್ದು ಕೇಳಿಸುತ್ತದೆ. ಬೆನ್ನಿಗೆ ಕಟ್ಟಿಕೊಂಡು ಔಷಧಿ ಸಿಂಪಡಿಸುವ ಪಂಪು, ಹಳೆಯ ಟಿ.ವಿ.ಎಸ್. ಎಕ್ಸೆಲ್, ಇನ್ನೂ ಹಳೆಯದಾದ ಯೆಜ್ಡಿ, ಹುಡುಗರ ಅಚ್ಚುಮೆಚ್ಚಿನ ಯಮಾಹಾ ಆರ್‌ಎಕ್ಸ್ 100. ಇವುಗಳಲ್ಲಿ ಕೊನೆಯದರ ಮೇಲೆ ನಡೆಯುವ ಒಂದು ಪ್ರಯೋಗವನ್ನು ಇಲ್ಲಿ ಪರೀಕ್ಷೆಗೆ ಒಡ್ಡೋಣ. ಕ್ರ್ಯಾಂಕ್ ಬಿಚ್ಚಿ ಸ್ಟ್ರೋಕು ಹೆಚ್ಚಿಸುವುದು, ಬ್ಲಾಕಿನ ದ್ವಾರಗಳನ್ನು ಅರದಿಂದ ಉಜ್ಜಿ ದೊಡ್ಡದು ಮಾಡುವುದು ಆ ಪ್ರಯೋಗ. ಮೊದಲನೆಯದಕ್ಕೆ ‘ಸ್ಟ್ರೋಕರ್’ ಎಂದೂ ಎರಡನೆಯದಕ್ಕೆ ‘ಪೋರ್ಟಿಂಗ್’ ಎಂದೂ ಹೆಸರು. ಐ.ಟಿ.ಐ., ಡಿಪ್ಲೊಮಾ ತರಗತಿಗಳ ಅನೇಕ ವಿದ್ಯಾರ್ಥಿಗಳಿಗೆ ಇದು ಪಠ್ಯಕ್ಕಿಂತ ಹತ್ತಿರದ ವಿಷಯ. ‘ಸ್ಟ್ರೋಕು ಜಾಸ್ತಿ ಮಾಡಿದರೆ ಪಿಕಪ್ ಜಾಸ್ತಿ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಮಾತು ನಿಜವೇ? ನಿಜವಾದರೆ ಎಷ್ಟರಮಟ್ಟಿಗೆ?

ಅದಕ್ಕೂ ಮೊದಲು ನಮ್ಮ ಪಾಠದ ಬಗ್ಗೆ ಒಂದು ಮಾತು. ಟೂ-ಸ್ಟ್ರೋಕ್ ಎಂಜಿನ್ ಎಂದೊಡನೆ ಕರಿಹಲಗೆಯ ಮೇಲೆ ಮೂಡುವ ಚಿತ್ರ ಯಾವುದು? ತಲೆಯ ಮೇಲೆ ಗೂನು ಹೊತ್ತ ಪಿಸ್ಟನ್. ಎಡಕ್ಕೊಂದು ವರ್ಗಾವಣೆ ದ್ವಾರ, ಅದರ ಎದುರಿಗೆ ಬಲಕ್ಕೊಂದು ನಿಷ್ಕಾಸ ದ್ವಾರ. ಇದು ಇಂಗ್ಲೆಂಡಿನ ಜೋಸೆಫ್ ಡೇ 1890ರ ಆಸುಪಾಸಿನಲ್ಲಿ ರೂಪಿಸಿದ ಎಂಜಿನ್‌ನ ವಂಶಕ್ಕೆ ಸೇರಿದ ಚಿತ್ರ. ಜರ್ಮನಿಯ ಶ್ನ್ಯೂರ್ಲೆ 1920ರ ದಶಕದಲ್ಲೇ ಬೇರೆ ದಾರಿ ತೋರಿಸಿದ. ನಿಷ್ಕಾಸ ದ್ವಾರದ ಎರಡೂ ಮಗ್ಗುಲಲ್ಲಿ ವರ್ಗಾವಣೆ ದ್ವಾರಗಳನ್ನಿಟ್ಟು, ಹೊಸ ಮಿಶ್ರಣವನ್ನು ನಿಷ್ಕಾಸಕ್ಕೆ ಬೆನ್ನು ಮಾಡಿ ಎದುರು ಗೋಡೆಯತ್ತ ಚಿಮ್ಮಿಸುವುದು ಅವನ ಉಪಾಯ. ಮಿಶ್ರಣ ಗೋಡೆ ಹತ್ತಿ, ಮೇಲೆ ಹೊರಳಿ, ಹಳೆಯ ಹೊಗೆಯನ್ನು ಮುಂದೆ ತಳ್ಳಿಕೊಂಡು ಬರುತ್ತದೆ. ಪಿಸ್ಟನ್‌ಗೆ ಗೂನು ಬೇಕಿಲ್ಲ. ನಮ್ಮ ರಸ್ತೆಯ ಮೇಲೆ ಓಡಿದ ಜಾವಾ, ಯೆಜ್ಡಿ, ಆರ್‌ಎಕ್ಸ್ ಎಲ್ಲವೂ ಈ ಎರಡನೆಯ ಬಗೆಯವು. ಹಾಗಿದ್ದೂ ಗೂನಿನ ಪಿಸ್ಟನ್ ನಮ್ಮ ಪುಸ್ತಕಗಳನ್ನೂ ನೋಟ್ಸುಗಳನ್ನೂ ಬಿಟ್ಟು ಕದಲಿಲ್ಲ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ದ್ವಾರವೆಂದರೆ ಬರಿಯ ಕಿಂಡಿ, ದೊಡ್ಡದಾದಷ್ಟೂ ಒಳ್ಳೆಯದು ಎಂಬ ಕಲ್ಪನೆ ವಿದ್ಯಾರ್ಥಿಯ ತಲೆಯಲ್ಲಿ ನಿಲ್ಲುತ್ತದೆ. ದ್ವಾರದ ದಿಕ್ಕು, ಅದು ತೆರೆಯುವ ಗಳಿಗೆ, ತೆರೆದಿರುವ ಅವಧಿ ಈ ಮೂರೂ ಆ ಚಿತ್ರದಲ್ಲಿ ಇಲ್ಲವೇ ಇಲ್ಲ. ಮುಂದೆ ಅವನು ಕೈಯಲ್ಲಿ ಗ್ರೈಂಡರ್ ಹಿಡಿದಾಗ ಅದೇ ಕಲ್ಪನೆ ಕೆಲಸ ಮಾಡುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಆರ್‌ಎಕ್ಸ್ 100ರ ಬೋರು 50 ಮಿ.ಮೀ., ಸ್ಟ್ರೋಕು 50 ಮಿ.ಮೀ. ಗಾತ್ರ 98 ಘನ ಸೆಂ.ಮೀ. ಗರಿಷ್ಠ ಶಕ್ತಿ 7500 ಸುತ್ತುಗಳಲ್ಲಿ 11 ಅಶ್ವಶಕ್ತಿ. ಇದರ ಕ್ರ್ಯಾಂಕ್ ಒತ್ತಿ ಕೂಡಿಸಿದ್ದು. ಎರಡು ಫ್ಲೈವೀಲ್ ಬಿಲ್ಲೆಗಳ ನಡುವೆ ಒಂದು ಪಿನ್ನು, ಅದಕ್ಕೆ ಕನೆಕ್ಟಿಂಗ್ ರಾಡ್. ಪಿನ್ನಿನ ಕೇಂದ್ರವನ್ನು 2 ಮಿ.ಮೀ. ಹೊರಕ್ಕೆ ಸರಿಸಿದರೆ ಸ್ಟ್ರೋಕು 4 ಮಿ.ಮೀ. ಹೆಚ್ಚಿ 54 ಆಗುತ್ತದೆ. ಲೇತ್ ಕೆಲಸ ಗೊತ್ತಿದ್ದವರು ಬಿಲ್ಲೆಯ ತೂತನ್ನು ಬೆಸುಗೆ ಹಾಕಿ ಮುಚ್ಚಿ ಹೊಸದಾಗಿ ಕೊರೆಯುತ್ತಾರೆ, ಇಲ್ಲವೇ ವಕ್ರಕೇಂದ್ರದ ಪಿನ್ನು ಕೂರಿಸುತ್ತಾರೆ. ಮತ್ತೆ ಕೂಡಿಸಿದ ಕ್ರ್ಯಾಂಕ್ ಡಯಲ್ ಗೇಜಿನ ಕೆಳಗೆ ಮಿಲಿಮೀಟರಿನ ಕೆಲವೇ ನೂರನೆಯ ಪಾಲಿನಷ್ಟು ಮಾತ್ರ ಅಲುಗಬಹುದು. ತೂಕದ ಸಮತೋಲವನ್ನೂ ಮತ್ತೆ ನೋಡಬೇಕು. ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವ ಕೈಗಳು ನಮ್ಮಲ್ಲಿ ಇವೆ, ಅದರಲ್ಲಿ ನನಗೆ ಅನುಮಾನವಿಲ್ಲ. ನನ್ನ ತಕರಾರು ಮುಂದಿನ ಹೆಜ್ಜೆಯ ಬಗ್ಗೆ.

ಇಷ್ಟಕ್ಕೆ ಗಾತ್ರ ಎಷ್ಟು ಬೆಳೆಯಿತು? 98ರಿಂದ 106 ಘನ ಸೆಂ.ಮೀ.ಗೆ, ಅಂದರೆ ಶೇಕಡಾ 8ರಷ್ಟು. ಇದನ್ನು ವಿಜಯಪುರದ ಹವೆಯೊಂದಿಗೆ ಹೋಲಿಸಿ ನೋಡಿ. ನಗರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಸುಮಾರು 943 ಮಿಲಿಬಾರ್. ಡಿಸೆಂಬರ್‌ನ ಬೆಳಗ್ಗೆ 15 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ 1.14 ಕಿಲೋಗ್ರಾಂ ತೂಗಿದರೆ ಏಪ್ರಿಲ್‌ನ ಮಧ್ಯಾಹ್ನ 40 ಡಿಗ್ರಿಯಲ್ಲಿ ತೂಗುವುದು 1.05 ಮಾತ್ರ. ವ್ಯತ್ಯಾಸ ಶೇಕಡಾ 8. ಕ್ರ್ಯಾಂಕ್ ಕೊರೆಸಿ ಗಳಿಸಿದ್ದನ್ನು ಬಿಸಿಲು ಪೂರ್ತಿಯಾಗಿ ಹಿಂದಕ್ಕೆ ಪಡೆಯುತ್ತದೆ!

ಅಷ್ಟಾದರೂ ಲಾಭವೇ ತಾನೆ ಎಂದು ನೀವು ಕೇಳಬಹುದು. ಇಲ್ಲಿಯೇ ಟೂ-ಸ್ಟ್ರೋಕ್ ಎಂಜಿನ್ ತನ್ನ ಗುಣ ತೋರಿಸುವುದು. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಕವಾಟಗಳ ಕಾಲವನ್ನು ಕ್ಯಾಮ್ ನಿರ್ಧರಿಸುತ್ತದೆ. ಸ್ಟ್ರೋಕು ಬದಲಾದರೂ ಕ್ಯಾಮ್ ತನ್ನ ಪಾಡಿಗೆ ತಾನಿರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ನೇ ಕವಾಟ. ಸ್ಟ್ರೋಕು ಬದಲಾಯಿಸಿದರೆ ಅರ ಮುಟ್ಟದಿದ್ದರೂ ದ್ವಾರಗಳ ಕಾಲವೆಲ್ಲ ಬದಲಾಗುತ್ತದೆ.

ಒಂದು ಮಾದರಿ ತೆಗೆದುಕೊಳ್ಳೋಣ. ರಾಡ್‌ನ ಉದ್ದ 100 ಮಿ.ಮೀ. ಎಂದೂ, ಪಿಸ್ಟನ್ ಮೇಲ್ತುದಿ ಬಿಟ್ಟ ಮೇಲೆ ಕ್ರ್ಯಾಂಕ್ 95 ಡಿಗ್ರಿ ತಿರುಗಿದಾಗ ನಿಷ್ಕಾಸ ದ್ವಾರ, 118 ಡಿಗ್ರಿ ತಿರುಗಿದಾಗ ವರ್ಗಾವಣೆ ದ್ವಾರ ತೆರೆಯುತ್ತವೆ ಎಂದೂ ಇಟ್ಟುಕೊಳ್ಳಿ. (ಇವು ಲೆಕ್ಕಕ್ಕಾಗಿ ಆರಿಸಿದ ಅಂಕಿಗಳು; ನಿಮ್ಮ ಕೈಯಲ್ಲಿರುವ ಬ್ಲಾಕಿನ ಅಂಕಿಗಳನ್ನು ನೀವೇ ಅಳೆಯಬೇಕು.) ಹಾಗಾದರೆ ನಿಷ್ಕಾಸ ದ್ವಾರ ಒಟ್ಟು 170 ಡಿಗ್ರಿ, ವರ್ಗಾವಣೆ ದ್ವಾರ 124 ಡಿಗ್ರಿ ತೆರೆದಿರುತ್ತವೆ. ಎರಡರ ನಡುವೆ 23 ಡಿಗ್ರಿಯ ಬಿಡುವು ಸಿಗುತ್ತದೆ. ಈ ಬಿಡುವಿನಲ್ಲೇ ಉರಿದ ಅನಿಲದ ಒತ್ತಡ ಇಳಿಯಬೇಕು. ಇಳಿಯದೆ ವರ್ಗಾವಣೆ ದ್ವಾರ ತೆರೆದರೆ ಬಿಸಿ ಹೊಗೆ ಹೊಸ ಮಿಶ್ರಣದ ದಾರಿಯಲ್ಲೇ ಕ್ರ್ಯಾಂಕ್ ಪೆಟ್ಟಿಗೆಯತ್ತ ನುಗ್ಗುತ್ತದೆ. ತ್ರಿಕೋನಮಿತಿಯಿಂದ ದ್ವಾರಗಳ ಸ್ಥಾನವನ್ನೂ ಕಂಡುಕೊಳ್ಳಬಹುದು. ಮೇಲ್ತುದಿಯಲ್ಲಿರುವ ಪಿಸ್ಟನ್‌ನ ನೆತ್ತಿಯಿಂದ ನಿಷ್ಕಾಸ ದ್ವಾರದ ಮೇಲಂಚು 30.3 ಮಿ.ಮೀ. ಕೆಳಗೆ, ವರ್ಗಾವಣೆ ದ್ವಾರದ ಮೇಲಂಚು 39.2 ಮಿ.ಮೀ. ಕೆಳಗೆ ಇರುತ್ತವೆ.

ಸ್ಟ್ರೋಕು 54 ಆದಾಗ ಪಿಸ್ಟನ್ 2 ಮಿ.ಮೀ. ಹೆಚ್ಚು ಮೇಲೇರಿ ಹೆಡ್ಡಿಗೆ ಬಡಿಯುತ್ತದೆ. ಅದಕ್ಕೆ ಗ್ಯಾರೇಜಿನ ಸುಲಭ ಪರಿಹಾರವೆಂದರೆ ಬ್ಲಾಕಿನ ಬುಡಕ್ಕೆ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಯಾಕಿಂಗ್ ಕೊಡುವುದು. ಬ್ಲಾಕು ಅಷ್ಟು ಮೇಲೇಳುತ್ತದೆ, ಪಿಸ್ಟನ್ ಬಡಿಯುವುದಿಲ್ಲ, ಎಂಜಿನ್ ತಿರುಗುತ್ತದೆ. ಎಲ್ಲ ಸರಿಯಾಯಿತು ಎಂದು ಅನಿಸುತ್ತದೆ. ಆದರೆ ಅದೇ ಲೆಕ್ಕವನ್ನು 27 ಮಿ.ಮೀ. ಕ್ರ್ಯಾಂಕ್ ತ್ರಿಜ್ಯಕ್ಕೆ ಮಾಡಿ ನೋಡಿ. ನಿಷ್ಕಾಸ ದ್ವಾರ ಈಗ 89 ಡಿಗ್ರಿಯ ಹೊತ್ತಿಗೇ ತೆರೆದುಕೊಳ್ಳುತ್ತದೆ, ಒಟ್ಟು ಅವಧಿ ಸುಮಾರು 182 ಡಿಗ್ರಿ. ವರ್ಗಾವಣೆ ದ್ವಾರ 109 ಡಿಗ್ರಿಯ ಹೊತ್ತಿಗೆ ತೆರೆಯುತ್ತದೆ, ಅವಧಿ ಸುಮಾರು 141 ಡಿಗ್ರಿ. ಒಂದು 12 ಡಿಗ್ರಿ ಹೆಚ್ಚಿತು, ಇನ್ನೊಂದು 17 ಡಿಗ್ರಿ ಹೆಚ್ಚಿತು. ನಡುವಿನ ಬಿಡುವು 23ರಿಂದ 20ಕ್ಕೆ ಇಳಿಯಿತು. ವೇಗದ ಎಂಜಿನ್‌ಗೆ ಬಿಡುವು ಹೆಚ್ಚು ಬೇಕು. ನಾವು ಕೊಟ್ಟಿದ್ದು ಕಡಿಮೆ.

ಇದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿದೆ. ಟೂ-ಸ್ಟ್ರೋಕ್‌ನಲ್ಲಿ ನಿಜವಾದ ಸಂಕೋಚನ ಶುರುವಾಗುವುದು ನಿಷ್ಕಾಸ ದ್ವಾರ ಮುಚ್ಚಿದ ಮೇಲೆ. ಬುಡದ ಪ್ಯಾಕಿಂಗ್ ಕೊಟ್ಟಾಗ ದ್ವಾರದ ಮೇಲಂಚಿನಿಂದ ಮೇಲ್ತುದಿಗೆ ಇರುವ ದೂರ ಮೊದಲಿನ 30.3 ಮಿ.ಮೀ. ಆಗಿಯೇ ಉಳಿಯುತ್ತದೆ. ಅಂದರೆ ಬಂಧಿಸಿ ಒತ್ತುವ ಗಾತ್ರ ಮೊದಲೂ 59.6 ಘನ ಸೆಂ.ಮೀ., ಈಗಲೂ 59.6 ಘನ ಸೆಂ.ಮೀ. ಹಣ ಕೊಟ್ಟು ಪಡೆದ 8 ಘನ ಸೆಂ.ಮೀ. ಪೂರ್ತಿಯಾಗಿ ದ್ವಾರದ ಕೆಳಗೆ ಸೇರಿತು. ಕ್ರ್ಯಾಂಕ್ ಪೆಟ್ಟಿಗೆ ಪಂಪಿನಂತೆ ಸ್ವಲ್ಪ ಹೆಚ್ಚು ಮಿಶ್ರಣವನ್ನು ದೂಡಬಹುದು, ಅದನ್ನು ಅಲ್ಲಗಳೆಯುತ್ತಿಲ್ಲ. ದೂಡಿದ್ದು ಒಳಗೆ ನಿಲ್ಲಬೇಕಲ್ಲ! ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಮೊದಲೇ ಪೆಟ್ರೋಲಿನ ಒಂದು ಪಾಲು ಉರಿಯದೆ ನಿಷ್ಕಾಸದಿಂದ ಹೊರಬೀಳುತ್ತದೆ. ಎರಡೂ ದ್ವಾರಗಳು ಒಟ್ಟಿಗೆ ತೆರೆದಿರುವ ಅವಧಿ ಬೆಳೆದಂತೆ ಆ ಪಾಲು ಬೆಳೆಯುವ ಅವಕಾಶವೂ ಬೆಳೆಯುತ್ತದೆ. ‘ಉದ್ದ ತೋಳಿನ ಕ್ರ್ಯಾಂಕ್ ಸನ್ನೆಗೋಲಿನಂತೆ ಬಲ ಹೆಚ್ಚಿಸುತ್ತದೆ’ ಎಂಬ ಸಮರ್ಥನೆಯೂ ಇಲ್ಲಿ ನಿಲ್ಲುವುದಿಲ್ಲ. ಎಂಜಿನ್ ಮಾಡುವ ಕೆಲಸ ಒತ್ತಡ ಮತ್ತು ಗಾತ್ರದ ಬದಲಾವಣೆಯ ಗುಣಲಬ್ಧ. ಬಂಧಿಸಿದ ಮಿಶ್ರಣ ಹೆಚ್ಚದೆ ತೋಳು ಮಾತ್ರ ಉದ್ದವಾದರೆ ಶಕ್ತಿ ಎಲ್ಲಿಂದಲೋ ಉದುರುವುದಿಲ್ಲ.

ಹಾಗಾದರೆ ಸ್ಟ್ರೋಕು ಹೆಚ್ಚಿಸಿದವರ ಗಾಡಿ ಜೋರಾಗಿ ಓಡುವುದು ಸುಳ್ಳೇ? ಸುಳ್ಳಲ್ಲ. ಅದು ಓಡುವುದು ದ್ವಾರಗಳ ಅವಧಿ ಹೆಚ್ಚಿದ್ದರಿಂದ, ಅದೂ ಮೇಲಿನ ವೇಗದಲ್ಲಿ ಮಾತ್ರ. ನಿಷ್ಕಾಸ ಕೊಳವೆಯಲ್ಲಿ ಒತ್ತಡದ ಅಲೆ ಹೋಗಿ, ತುದಿಯ ಶಂಕುವಿಗೆ ಬಡಿದು, ದ್ವಾರ ಮುಚ್ಚುವ ಮೊದಲು ಹಿಂದಿರುಗಿ, ಹೊರಗೆ ಜಾರಿದ ಮಿಶ್ರಣವನ್ನು ಒಳಗೆ ನೂಕಬೇಕು. ಪೂರ್ವ ಜರ್ಮನಿಯ ಎಮ್‌ಝೆಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ 1950ರ ದಶಕದಲ್ಲಿ ಪಳಗಿಸಿದ್ದು ಈ ಅಲೆಯನ್ನೇ. 1961ರಲ್ಲಿ ಅವನ 125 ಘನ ಸೆಂ.ಮೀ.ನ ರೇಸ್ ಎಂಜಿನ್ 25 ಅಶ್ವಶಕ್ತಿ ಕೊಟ್ಟಿತು. ನಮ್ಮ ಮಾದರಿಯಲ್ಲಿ 7500 ಸುತ್ತುಗಳಲ್ಲಿ 170 ಡಿಗ್ರಿ ಕಳೆಯಲು 3.8 ಮಿಲಿಸೆಕೆಂಡು ಬೇಕು. ಬಿಸಿ ಅನಿಲದಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಎಂದು ಹಿಡಿದರೆ ಅಲೆ ಹೋಗಿಬರಲು ಸುಮಾರು 94 ಸೆಂ.ಮೀ. ದೂರದ ಕೊಳವೆ ಹೊಂದುತ್ತದೆ. ಅದೇ ಕೊಳವೆ ಇಟ್ಟುಕೊಂಡು ಅವಧಿಯನ್ನು 182 ಡಿಗ್ರಿಗೆ ಏರಿಸಿದರೆ ಹೊಂದಾಣಿಕೆ 8000 ಸುತ್ತುಗಳತ್ತ ಜರುಗುತ್ತದೆ. ಕೆಳಗಿನ ವೇಗದಲ್ಲಿ ಎಂಜಿನ್ ಸತ್ತಂತೆ, ಮೇಲೆ ಹೋದೊಡನೆ ಒಮ್ಮೆಲೇ ಎದ್ದಂತೆ. ಕೂತವನಿಗೆ ಇದು ಅಪಾರ ಶಕ್ತಿಯಂತೆ ಭಾಸವಾಗುತ್ತದೆ. ತಿಕೋಟಾ ರಸ್ತೆಯಲ್ಲಿ ದ್ರಾಕ್ಷಿ ಕ್ರೇಟು ಹೇರಿಕೊಂಡು ಹೊರಟ ಟಂಟಂ ಹಿಂದೆ ಮೂರನೇ ಗೇರಿನಲ್ಲಿ ಸಾಗಬೇಕಾದವನಿಗೆ ಅದರಿಂದ ಉಪಯೋಗವಿಲ್ಲ.

ಬೆಲೆ ತೆರುವುದು ಪಿಸ್ಟನ್ ಮತ್ತು ರಾಡ್. 50 ಮಿ.ಮೀ. ಸ್ಟ್ರೋಕಿನಲ್ಲಿ 7500 ಸುತ್ತುಗಳಿಗೆ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 12.5 ಮೀಟರ್. 54 ಮಿ.ಮೀ., 8000 ಸುತ್ತುಗಳಿಗೆ ಅದು 14.4 ಮೀಟರ್. ವೇಗಕ್ಕಿಂತ ವೇಗೋತ್ಕರ್ಷ ಮುಖ್ಯ. ಅದು ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಮೇಲ್ತುದಿಯಲ್ಲಿ ರಾಡ್ ಮೇಲೆ ಬೀಳುವ ಜಡತ್ವದ ಎಳೆತ ಮೊದಲಿಗಿಂತ ಶೇಕಡಾ 25ರಷ್ಟು ಹೆಚ್ಚು. ಗಾತ್ರದಲ್ಲಿ 8, ಎಳೆತದಲ್ಲಿ 25. ಇದನ್ನು ಯಾವ ವ್ಯಾಪಾರಿ ಲಾಭ ಎನ್ನುತ್ತಾನೆ?

ಇನ್ನು ಮೈಸೂರಿನ ಕಡೆ ನೋಡೋಣ. ಉದ್ದ ಸ್ಟ್ರೋಕಿನ ಎಂಜಿನ್ ತಪ್ಪು ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಅಲ್ಲಿ ಒಳ್ಳೆಯ ಸಾಕ್ಷಿಯಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಚೆಕ್ ವಿನ್ಯಾಸದ ಜಾವಾ ತಯಾರಿಸತೊಡಗಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅದರ 250ರ ಬೋರು 65 ಮಿ.ಮೀ., ಸ್ಟ್ರೋಕು 75 ಮಿ.ಮೀ. ಹುಟ್ಟಿನಿಂದಲೇ ಸ್ಟ್ರೋಕರ್! ಒಂದು ಸ್ವಾರಸ್ಯ ಗಮನಿಸಿ. 5000 ಸುತ್ತುಗಳಲ್ಲಿ ಅದರ ಪಿಸ್ಟನ್‌ನ ಸರಾಸರಿ ವೇಗ 12.5 ಮೀಟರ್, ಅಂದರೆ 7500ರಲ್ಲಿ ಓಡುವ ಆರ್‌ಎಕ್ಸ್‌ನಷ್ಟೇ. ರಾಡ್‌ನ ಪರಿಣಾಮ ಬದಿಗಿಟ್ಟರೆ ವೇಗೋತ್ಕರ್ಷ ಆರ್‌ಎಕ್ಸ್‌ನ ಮೂರರಲ್ಲಿ ಎರಡು ಪಾಲು ಮಾತ್ರ. ವಿನ್ಯಾಸಕಾರ ಉದ್ದ ಸ್ಟ್ರೋಕು ಆರಿಸಿಕೊಂಡು ನಿಧಾನ ವೇಗವನ್ನೂ ಆರಿಸಿಕೊಂಡ, ದ್ವಾರಗಳನ್ನು ಆ ವೇಗಕ್ಕೆ ತಕ್ಕಂತೆ ಕೊರೆಸಿದ. ಒಂದೇ ಸಿಲಿಂಡರಿಗೆ ಎರಡು ನಿಷ್ಕಾಸ ದ್ವಾರ, ಎರಡು ಸೈಲೆನ್ಸರ್. ಅಗಲವಾದ ಒಂದೇ ಬಾಯಿಯಿದ್ದರೆ ರಿಂಗು ಅದರೊಳಕ್ಕೆ ಉಬ್ಬಿ ಅಂಚಿಗೆ ಸಿಕ್ಕಿಕೊಳ್ಳುವ ಭಯ. ಎರಡಾಗಿ ಒಡೆದರೆ ನಡುವಿನ ಗೋಡೆ ರಿಂಗಿಗೆ ಆಸರೆ. ಕೊಳವೆಯ ಖರ್ಚು ಎರಡರಷ್ಟು, ನಿಜ. ಆದರೂ ಆ ಎಂಜಿನ್‌ನ ಒಂದೊಂದು ಭಾಗವೂ ಇನ್ನೊಂದರ ಮಾತು ಕೇಳಿ ಮಾಡಿದಂತಿದೆ. ಸದ್ದಿಗಾಗಿ ಅದರ ಸೈಲೆನ್ಸರಿನ ಒಳತಿರುಳು ಕಿತ್ತೆಸೆದವರು ಕೆಡಿಸಿದ್ದು ಆ ಹೊಂದಾಣಿಕೆಯನ್ನು. ಯೆಜ್ಡಿಗೆ ಸ್ಟ್ರೋಕು ಹೆಚ್ಚಿಸಲು ಹೋದರೆ ತೊಂದರೆ ಇನ್ನೂ ಒಂದು ಹೆಚ್ಚು. ಅದರಲ್ಲಿ ಒಳಹರಿವಿನ ದ್ವಾರವನ್ನು ಪಿಸ್ಟನ್‌ನ ಕೆಳಅಂಚೇ ತೆರೆದು ಮುಚ್ಚುತ್ತದೆ. ಆರ್‌ಎಕ್ಸ್‌ನಲ್ಲಿ ಆ ಕೆಲಸಕ್ಕೆ ರೀಡ್ ಕವಾಟವಿದೆ.

ಯಮಾಹಾ ಏನು ಮಾಡಿತು ಎಂಬುದೂ ಪಾಠವೇ. 100ರ ನಂತರ ಬಂದ ಆರ್‌ಎಕ್ಸ್ 135ರಲ್ಲಿ ಸ್ಟ್ರೋಕು ಅದೇ 50 ಮಿ.ಮೀ.; ಬೋರು 58 ಮಿ.ಮೀ. ಗಾತ್ರ 132 ಘನ ಸೆಂ.ಮೀ., ಶೇಕಡಾ 35ರಷ್ಟು ಹೆಚ್ಚಳ. ಸರಾಸರಿ ವೇಗ ಬದಲಾಗಲಿಲ್ಲ, ದ್ವಾರಗಳಿಗೆ ಗೋಡೆಯಲ್ಲಿ ಜಾಗವೂ ಹೆಚ್ಚಿತು. ಕಾರ್ಖಾನೆಯ ಎಂಜಿನಿಯರುಗಳು ಮುಟ್ಟದೆ ಬಿಟ್ಟ ಅಳತೆಯನ್ನೇ ಹುಡುಕಿ ಬದಲಾಯಿಸುವವನು ಕಾರಣ ಹೇಳಬೇಕು.

ಸ್ಟ್ರೋಕರ್ ಮಾಡಲೇಬೇಕೆಂದು ಹಟ ಹಿಡಿದ ವಿದ್ಯಾರ್ಥಿಗೆ ಕ್ರಮಬದ್ಧ ದಾರಿ ಇದ್ದೇ ಇದೆ. ಪ್ಯಾಕಿಂಗ್ ಬುಡಕ್ಕೆ ಬೇಡ, ಹೆಡ್ಡಿನ ಕೆಳಗೆ ಕೊಡಿ. ಆಗ ನಮ್ಮ ಮಾದರಿಯಲ್ಲಿ ನಿಷ್ಕಾಸ 173 ಡಿಗ್ರಿ, ವರ್ಗಾವಣೆ 131 ಡಿಗ್ರಿ, ಬಿಡುವು 21 ಡಿಗ್ರಿ ಆಗುತ್ತದೆ. ಬಂಧಿಸಿದ ಗಾತ್ರ 63.5 ಘನ ಸೆಂ.ಮೀ.ಗೆ ಏರುತ್ತದೆ. ಈಗ ನಿಷ್ಕಾಸದ ಮೇಲಂಚನ್ನು ಒಂದೇ ಒಂದು ಮಿಲಿಮೀಟರ್ ಎತ್ತರಿಸಿದರೆ ಅದು 177 ಡಿಗ್ರಿಯಾಗಿ ಬಿಡುವು ಮತ್ತೆ 23 ಡಿಗ್ರಿಗೆ ಬರುತ್ತದೆ. ಬಂಧಿಸಿದ ಗಾತ್ರ 61.5ಕ್ಕೆ ನಿಲ್ಲುತ್ತದೆ. ಒಂದು ಮಿಲಿಮೀಟರಿಗೆ ನಾಲ್ಕು ಡಿಗ್ರಿಗೂ ಹೆಚ್ಚು! ಕಣ್ಣಂದಾಜಿನಲ್ಲಿ ಮೂರು ಮಿಲಿಮೀಟರ್ ಉಜ್ಜುವವರು ಏನು ಮಾಡುತ್ತಿದ್ದಾರೆಂದು ನೀವೇ ಗುಣಿಸಿ ನೋಡಿ. ಈ ದಾರಿಯಲ್ಲೂ ಮುಳ್ಳುಗಳಿವೆ. ಮೇಲಿನ ರಿಂಗು ಬ್ಲಾಕು ಮತ್ತು ಪ್ಯಾಕಿಂಗಿನ ಸಂದು ದಾಟಬಾರದು. ಪಿಸ್ಟನ್ ಮೇಲ್ತುದಿಯಲ್ಲಿದ್ದಾಗ ಅದರ ಕೆಳಅಂಚು ನಿಷ್ಕಾಸ ದ್ವಾರವನ್ನು ಪೂರ್ತಿ ಮುಚ್ಚಿರಬೇಕು, ಇಲ್ಲವಾದರೆ ಕ್ರ್ಯಾಂಕ್ ಪೆಟ್ಟಿಗೆ ಹೊಗೆ ಹೀರುತ್ತದೆ. ಕೆಳತುದಿಯಲ್ಲಿ ಅದೇ ಅಂಚು ಫ್ಲೈವೀಲಿಗೆ ತಾಗಬಾರದು. ನಿಷ್ಕಾಸದ ಅಗಲ ಬೋರಿನ ಶೇಕಡಾ 62ರಿಂದ 70ರ ಒಳಗಿರಲಿ. ಅಂಚುಗಳನ್ನು ಸಣ್ಣಗೆ ಓರೆ ಮಾಡಿ ನುಣುಪುಗೊಳಿಸಬೇಕು. ವರ್ಗಾವಣೆ ದ್ವಾರದ ಕೋನವನ್ನು ಮಾತ್ರ ಮುಟ್ಟದಿರುವುದೇ ಲೇಸು. ಶ್ನ್ಯೂರ್ಲೆಯ ಉಪಾಯವೆಲ್ಲ ಆ ಕೋನದಲ್ಲಿದೆ. ಗ್ರೈಂಡರ್ ಒಮ್ಮೆ ಜಾರಿದರೆ ಮಿಶ್ರಣ ಎದುರು ಗೋಡೆ ಬಿಟ್ಟು ನೇರವಾಗಿ ನಿಷ್ಕಾಸದ ಬಾಯಿಗೆ ನಡೆಯುತ್ತದೆ, ಆ ಲೋಹ ಮತ್ತೆ ಬರುವುದಿಲ್ಲ.

ಎಂಜಿನ್‌ಗೆ ಉಸಿರಾಟ ಹೆಚ್ಚಿಸುತ್ತೇನೆಂದು ಏರ್ ಫಿಲ್ಟರಿನ ಪೆಟ್ಟಿಗೆ ತೆಗೆದು ತೆರೆದ ಶಂಕುವನ್ನು ಸಿಕ್ಕಿಸುವ ಚಾಳಿಯಂತೂ ನಮ್ಮ ಎರೆನೆಲದಲ್ಲಿ ಆತ್ಮಹತ್ಯೆಗೆ ಸಮ. ಬಬಲೇಶ್ವರದ ಹೊಲದ ದಾರಿಯಲ್ಲಿ ಬೇಸಿಗೆಯ ಧೂಳು ಹೇಗೆ ಏಳುತ್ತದೆಂದು ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಟೂ-ಸ್ಟ್ರೋಕ್‌ನಲ್ಲಿ ಆ ಧೂಳು ಸಿಲಿಂಡರಿಗೆ ಹೋಗುವ ಮೊದಲು ಕ್ರ್ಯಾಂಕ್‌ನ ಬೇರಿಂಗುಗಳನ್ನು ಹಾದುಹೋಗುತ್ತದೆ. ಅಲ್ಲಿಗೆ, ಕಷ್ಟಪಟ್ಟು ನೇರ ಮಾಡಿದ ಕ್ರ್ಯಾಂಕ್‌ನ ಆಯುಷ್ಯವನ್ನು ಲೆಕ್ಕ ಹಾಕಬಹುದು. 40 ಡಿಗ್ರಿ ಬಿಸಿಲಿನಲ್ಲಿ ಓಡುವ ಎಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡರೆ ಕೂತವನ ಗತಿ ಏನೆಂಬುದನ್ನೂ ಶಿಕ್ಷಕರು ತರಗತಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಬೇಕು. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆ, 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸುವಂತಿಲ್ಲ. ಎಂಜಿನ್‌ನ ಗಾತ್ರ ಆ ಪತ್ರದಲ್ಲಿ ನಮೂದಾಗಿರುತ್ತದೆ. ಆದ್ದರಿಂದ ಪ್ರಯೋಗ ಕಾಲೇಜಿನ ಕಾರ್ಯಾಗಾರದ ಸ್ಟ್ಯಾಂಡಿನ ಮೇಲೆ ನಡೆಯಲಿ, ರಸ್ತೆಯಲ್ಲಿ ಬೇಡ.

ಗುಜರಿ ಅಂಗಡಿಯಲ್ಲಿ ಸೀಜ್ ಆಗಿ ಬಿದ್ದ ಬ್ಲಾಕು, ಹಳೆಯ ಕ್ರ್ಯಾಂಕ್ ದೊರೆಯುತ್ತವೆ. ಸಿಂಪಡಿಸುವ ಪಂಪಿನ ಎಂಜಿನ್ ಆದರೂ ಸಾಕು. ಕ್ರ್ಯಾಂಕ್‌ನ ತುದಿಗೆ 360 ಡಿಗ್ರಿ ಗುರುತಿಸಿದ ರಟ್ಟಿನ ಬಿಲ್ಲೆ ಅಂಟಿಸಿ, ತಂತಿಯ ಮುಳ್ಳೊಂದನ್ನು ಕೇಸಿಗೆ ಕಟ್ಟಿ. ಮೇಲ್ತುದಿಯನ್ನು ಕಣ್ಣಳತೆಯಲ್ಲಿ ನಿರ್ಧರಿಸಬೇಡಿ. ಪಿಸ್ಟನ್ ಮೇಲೇರದಂತೆ ಪ್ಲಗ್ಗಿನ ತೂತಿನಲ್ಲಿ ಒಂದು ತಡೆ ಇಟ್ಟು, ಎರಡೂ ದಿಕ್ಕಿನಿಂದ ನಿಧಾನವಾಗಿ ತಿರುಗಿಸಿ ತಾಗುವ ಕೋನಗಳನ್ನು ಬರೆದುಕೊಳ್ಳಿ. ಅವುಗಳ ನಟ್ಟನಡುವೆ ನಿಜವಾದ ಮೇಲ್ತುದಿ. ಆಮೇಲೆ ತಡೆ ತೆಗೆದು, ದ್ವಾರದೊಳಗೆ ಸಣ್ಣ ಬೆಳಕು ಬಿಟ್ಟು, ಅದು ಕಾಣಿಸಿಕೊಳ್ಳುವ ಮತ್ತು ಮರೆಯಾಗುವ ಕೋನಗಳನ್ನು ಓದಿ. ವರ್ನಿಯರ್‌ನಿಂದ ಮೇಲಂಚಿನ ಆಳ ಅಳೆದು, ರಾಡ್‌ನ ಉದ್ದ ಮತ್ತು ಕ್ರ್ಯಾಂಕ್ ತ್ರಿಜ್ಯದಿಂದ ಲೆಕ್ಕ ಹಾಕಿದ ಕೋನದೊಂದಿಗೆ ತಾಳೆ ನೋಡಿ. ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೆ ಕಾರಣ ಹುಡುಕುವ ಕೆಲಸ ವಿದ್ಯಾರ್ಥಿಗಳದ್ದು. ಎರಡು ತರಗತಿಯ ಅವಧಿ ಸಾಕಾಗುತ್ತದೆ, ಅರ ಬೇಕಾಗುವುದಿಲ್ಲ.